ಹಳ್ಳದ ಪಾಲು

ನಮ್ಮ ಓನರ್ ಅಂಕಲ್ ಅಂಗಾಲು ಕಡು ಬೇಸಿಗೆಯಲ್ಲೂ ನೀರಿನಲ್ಲಿ ನೆನೆಸಿಟ್ಟಂತೆ ಬೆಳ್ಳಗೆ, ಸುಕ್ಕುಸುಕ್ಕಾಗಿ ಇರುತ್ತಿತ್ತು. ಹೊಸಕೆರೆಹಳ್ಳಿಯ ಅವರ ಕಟ್ಟಡದಲ್ಲಿ ನಾನು ಬಾಡಿಗೆಗಿದ್ದೆ. ಒಂದು ಕಾಲಕ್ಕೆ ಅದು ಅವರದೇ ಹೊಲ. ಅಂಚಿನಲ್ಲಿ ಹರಿಯುತ್ತಿದ್ದ ಹಳ್ಳಕ್ಕೆ ಮಣ್ಣು ತುಂಬಿಸಿ ಮನೆ ಕಟ್ಟಿಸಿದವರೂ ಅವರೇ. ದಿನಾ ಬೆಳಗ್ಗೆ ನನ್ನ ಅಡುಗೆಮನೆಯ ಮೂಲೆ ಒದ್ದೆಯಾಗಿರುತ್ತಿತ್ತು. ಪ್ಲಂಬರ್ ಮೂರು ಸಲ ಬಂದು ಹುಡುಕಿದ. ಅಲ್ಲಿ ಪೈಪೇ ಇರಲಿಲ್ಲ.

"ಒರೆಸ್ಬೇಡಮ್ಮಾ. ಆ ಹಳ್ಳ ಬಂದು ನೋಡ್ಕೊಂಡು ಹೋಗುತ್ತೆ," ಎಂದರು ಅಂಕಲ್, ನೆಂಟರ ವಿಷಯ ಹೇಳುವ ಹಾಗೆ.

ನನ್ನ ಕೆಲಸವೋ, ಕನಕಪುರ ರಸ್ತೆಯಾಚೆಯ ರೈತರನ್ನು ಒಪ್ಪಿಸಿ, ಹಳ್ಳದ ದಡದಲ್ಲಿ ಒಂದಿಷ್ಟು ಜಾಗ ಬಿಡಿಸಿ, ಮಣ್ಣು ಕೊಚ್ಚಿಹೋಗದಂತೆ ಮೇವಿನ ಹುಲ್ಲು, ಹೊಂಗೆ, ನುಗ್ಗೆ ನೆಡಿಸುವುದು. ಸೊಪ್ಪು ಬೆಳೆಯುವ ಒಬ್ಬ ಅಕ್ಕ ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಇದ್ದ ಅರ್ಧ ಎಕರೆಯಲ್ಲೇ ಅವರ ಸಂಸಾರ ನಡೆಯಬೇಕಿತ್ತು. ಒಂದು ದಿನ ಅಂಕಲ್ ತಾವಾಗಿಯೇ ನನ್ನ ಸ್ಕೂಟರ್ ಹತ್ತಿ ಆ ಅಕ್ಕನ ಹೊಲಕ್ಕೆ ಬಂದರು. ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ದಡದಿಂದ ಮೇಲಕ್ಕೆ ನಡೆದವರು ಹದಿನಾಲ್ಕನೇ ಹೆಜ್ಜೆಗೆ ದಂಟಿನ ಸೊಪ್ಪಿನ ಮಡಿಯ ನಡುವೆ ನಿಂತರು.

"ಇಲ್ಲೀಗಂಟ ಅದರ ಪಾಲು. ಹುಲ್ಲು ಹಾಕು, ನಿನ್ನ ಹಸು ಹಾಲು ಕೊಡುತ್ತೆ. ಸೊಪ್ಪು ಹಾಕಿದ್ರೆ ಅದು ತಗೊಂಡ್ಹೋಗುತ್ತೆ," ಎಂದು ಅಕ್ಕನಿಗೆ ಹೇಳಿ ಸಾಲಾಗಿ ಗೂಟ ನೆಟ್ಟರು.

"ಅಷ್ಟೂ ಬಿಟ್ರೆ ನಾನೇನು ಮಣ್ಣು ತಿನ್ಲಾ?" ಎಂದು ಅಕ್ಕ ರೇಗಿದರು.

ಎಲ್ಲಿ ಅಕ್ಕ ಹುಲ್ಲಿನ ಮಾತನ್ನೇ ಪೂರ್ತಿ ಕೈಬಿಡುತ್ತಾರೋ ಎಂದು ಹೆದರಿ, ಮರುದಿನ ಒಬ್ಬಳೇ ಹೋಗಿ ಗೂಟಗಳನ್ನು ಹಳ್ಳದ ಕಡೆಗೆ ನಾಲ್ಕು ಹೆಜ್ಜೆ ಸರಿಸಿದೆ. ಆ ಹತ್ತು ಹೆಜ್ಜೆಗೆ ಹುಲ್ಲು ಹಾಕಲು ಅಕ್ಕ ಒಪ್ಪಿದರು. ಅಂದು ಸಂಜೆ ಗೇಟಿನ ಹತ್ತಿರ ಅಂಕಲ್ ಕೇಳಿದರು: "ಗೂಟ ಅಲ್ಲೇ ಇದ್ಯೇನಮ್ಮಾ?"

"ಇದೆ ಅಂಕಲ್."

ಅವರು ನನ್ನನ್ನೇ ನೋಡಿ ಒಳಗೆ ಹೋದರು. ಆ ಸುಳ್ಳು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಹದಿನೈದು ದಿನಕ್ಕೆ ಅಂಕಲ್ ನಿದ್ದೆಯಲ್ಲೇ ತೀರಿಕೊಂಡರು. ಮತ್ತೆರಡು ತಿಂಗಳಿಗೆ ಒಂದು ಮಧ್ಯಾಹ್ನ ಮಳೆ ಹುಯ್ದು ಹಳ್ಳ ಉಕ್ಕಿತು. ನಾನು ಓಡಿಹೋಗುವಷ್ಟರಲ್ಲಿ ನೀರು ಇಳಿದಿತ್ತು. ಹುಲ್ಲು ಅಡ್ಡ ಮಲಗಿದ್ದರೂ ಬೇರು ಬಿಟ್ಟುಕೊಟ್ಟಿರಲಿಲ್ಲ. ಅದರ ಹಿಂದಿನ ಸೊಪ್ಪು ಮಾತ್ರ ಮಣ್ಣಿನ ಸಮೇತ ಮಾಯ. ದಡದಿಂದ, ನೀರು ಬಿಟ್ಟುಹೋದ ಕೆಸರಿನ ಗೆರೆಯವರೆಗೆ ಹೆಜ್ಜೆ ಎಣಿಸಿದೆ. ಹದಿನಾಲ್ಕು.

"ತಪ್ಪು ನನ್ನದೇ ಅಕ್ಕಾ, ಗೂಟ ಕಿತ್ತವಳು ನಾನು," ಎಂದು ಅಳುತ್ತಾ ನಿಂತೆ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. "ಬಯ್ಯಲ್ಲ ಬಿಡು. ಗೂಟ ನೆಟ್ಟ ದಿನಾನೇ ಆ ಯಜಮಾನ್ರು ನನ್ನ ಪಕ್ಕಕ್ಕೆ ಕರೆದು ಹೇಳಿದ್ರು. ತಲೆ ಕೆಟ್ಟಿರ್ಬೇಕು ಅಂದ್ಕೊಂಡೆ. 'ನಾಳೆ ಇವಳು ಗೂಟ ಕೀಳ್ತಾಳೆ. ನೀರು ಬಂದ್ಮೇಲೆ ಅಳ್ತಾ ಬರ್ತಾಳೆ. ಆಗ ನಾನಿರಲ್ಲ, ಮಗೂನ ಬೈಬೇಡ ಕಣಮ್ಮಾ' ಅಂದ್ರು."