ಅಂಕಿತ ಹೇಳದ ಅಕ್ಕ

ಟೀ ಕುಡಿಯುವಾಗ ನಮ್ಮ ಮಹಡಿಯ ಅಕ್ಕ ಕಲ್ಲುಸಕ್ಕರೆಯ ಒಂದು ಹರಳನ್ನು ಎಡ ದವಡೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಅದು ಕರಗುವವರೆಗೆ ಆ ಕೆನ್ನೆ ತುಸು ಉಬ್ಬಿರುತ್ತಿತ್ತು. ಲೋಟದಲ್ಲಿ ಹಾಲೂ ಇಲ್ಲದ, ಸಕ್ಕರೆಯೂ ಇಲ್ಲದ ಟೀ.

"ಬರೀ ಬಣ್ಣದ್ ನೀರು ಕುಡುದ್ರೆ ಮೈಗೇನ್ ಹತ್ತುತ್ತಮ್ಮಾ? ಒಸಿ ಹಾಲ್ ಹಾಕ್ತೀನಿ ತಾ," ಎನ್ನುತ್ತಿದ್ದಳು ನನ್ನಮ್ಮ.

"ಬ್ಯಾಡಮ್ಮಾ, ಹಾಲ್ ಹಾಕ್ಬುಟ್ರೆ ಪಾಯಸ ಆಗೋಯ್ತದೆ!"

ಈ ಕನ್ನಡವನ್ನು ಅವರು ಕಲಿತದ್ದು ಅಮ್ಮನಿಂದಲೇ. ಅವರ ಊರು ಅಫ್ಘಾನಿಸ್ತಾನದ ಹೆರಾತ್. ಬೆಂಗಳೂರಿಗೆ ಓದಲು ಬಂದಿದ್ದಾಗ ಅವರ ದೇಶದಲ್ಲಿ ಆಡಳಿತ ಬದಲಾಗಿ, ಹಿಂತಿರುಗುವ ದಾರಿ ಮುಚ್ಚಿತು. ಹೊಸೂರಿನ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಹಿಡಿದು, ಅಲ್ಲೇ ಆಲಸನತ್ತಂ ಬಡಾವಣೆಯ ನಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬಂದರು. ಮೂರು ವರ್ಷ ಇದ್ದರು. ನನಗೆ ಅವರು ಅಕ್ಕ.

ಅಕ್ಕನ ಬಳಿ ಕವಿತೆಯ ಪುಸ್ತಕ ಒಂದೂ ಇರಲಿಲ್ಲ. ಶಾಲೆಯಲ್ಲಿ ಅವರಿಗೆ ಪಾಠ ಹೇಳಿದ್ದ ಟೀಚರ್ ಸ್ವತಃ ಕವಿ. ಹೆಣ್ಣುಮಕ್ಕಳ ಶಾಲೆಗಳು ಮುಚ್ಚಿದ ಮೇಲೆ ಆ ಟೀಚರ್ ಹೊಲಿಗೆ ಕ್ಲಾಸು ಎಂದು ಹೇಳಿ ಹುಡುಗಿಯರಿಗೆ ಮನೆಯಲ್ಲೇ ಕಾವ್ಯ ಕಲಿಸುತ್ತಿದ್ದರು. ಅವರ ಫಾರ್ಸಿ ಗಜಲುಗಳು ಅಕ್ಕನ ತಲೆಯಲ್ಲಿದ್ದವು. ಭಾನುವಾರಗಳಲ್ಲಿ ಅಕ್ಕ ಹೇಳುತ್ತಿದ್ದರು. ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಪದಪದಕ್ಕೂ ಅರ್ಥ ಕೇಳುತ್ತಿದ್ದೆ. ಕಿಟಕಿಗೆ ಪರದೆ ಹೊಲಿದವಳಿಗೆ ಸೂಜಿ ತೂರಿದ ತೂತುಗಳಲ್ಲಿ ಬೆಳಕು ಕಾಣುವ ಒಂದು ಗಜಲು ಒಂದು ತಿಂಗಳು ಹಿಡಿಯಿತು. ನನ್ನ ಅನುವಾದ ಸರಿಬರದಿದ್ದರೆ ಅಕ್ಕ ಮೊದಲಿನಿಂದ ಮತ್ತೆ ಹೇಳುತ್ತಿದ್ದರು. ನನ್ನ ಎಂ.ಎ. ತರಗತಿಯಲ್ಲಿ ಯಾರೂ ನನ್ನ ಒಂದು ಸಾಲಿಗಾಗಿ ಅಷ್ಟು ಕಾದಿರಲಿಲ್ಲ.

ಆದರೆ ಪ್ರತಿ ಗಜಲೂ ಎರಡು ಸಾಲು ಮೊದಲೇ ನಿಲ್ಲುತ್ತಿತ್ತು. ಕೊನೆಯ ದ್ವಿಪದಿಯಲ್ಲಿ ಕವಿಯ ಹೆಸರು ಬರುವುದು ಗಜಲಿನ ರೂಢಿ, ನಮ್ಮ ವಚನಗಳ ಅಂಕಿತದಂತೆ. ಅಂಕಿತವಿಲ್ಲದಿದ್ದರೆ ಇದು ಯಾರದೆಂದು ತಿಳಿಯುವುದು ಹೇಗೆ ಎಂದು ನಾನು ಬಿಡದೆ ಕೇಳಿದೆ. ಒಂದು ದಿನ ಪರದೆಯ ಗಜಲನ್ನು ಪೂರ್ತಿ ಹೇಳಿದರು.

"ಕಿವೀಗ್ ಮಾತ್ರ ಕಣಮ್ಮ. ಬರೀಬ್ಯಾಡ."

ಕೆಳಗಿಳಿದು ಬಂದು ಬರೆದೆ. ಕವಿಗೆ ಸಲ್ಲಬೇಕಾದದ್ದು ಸಲ್ಲಲಿ ಎಂದುಕೊಂಡೆ; ಕನ್ನಡವನ್ನು ಹೆರಾತಿನಲ್ಲಿ ಯಾರು ಓದಿಯಾರು ಎಂದೂ. ಅನುವಾದವನ್ನು ಬೆಂಗಳೂರಿನ ಒಂದು ಸಾಹಿತ್ಯ ಪತ್ರಿಕೆಗೆ ಕಳಿಸಿದೆ. ಒಪ್ಪಿಗೆ ಬಂದ ಸಂಜೆ ಮಹಡಿಗೆ ಓಡಿ ತೋರಿಸಿದೆ. ಅಮ್ಮನೂ ಅಲ್ಲೇ ಇದ್ದಳು.

"ಹೆಸ್ರು ಐತಾ ಅದ್ರಲ್ಲಿ?" ಅಕ್ಕ ಕೇಳಿದರು.

"ಇದೆ ಅಕ್ಕ."

ಅಕ್ಕ ಲೋಟ ಕೆಳಗಿಟ್ಟರು.

"ಅಲ್ಲಿ ಕನ್ನಡ ಯಾರ್ ಓದ್ತಾರೆ ಬುಡಮ್ಮಾ," ಎಂದಳು ಅಮ್ಮ.

"ಫೋನ್ ಓದ್ತದಮ್ಮಾ, ಎಲ್ಲಾ ಭಾಷೆನೂ. ನಮ್ ಟೀಚರ್ ಇವತ್ತೂ ಅದೇ ಮನೇಲವ್ರೆ. ಐದು ಹುಡ್ಗೀರು ಬತ್ತಾರೆ." ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಗೆ ಹೆಸ್ರು ಅಂದ್ರೆ ಮರ್ಯಾದೆ. ನಮ್ಗೆ ವಿಳಾಸ."

ಬಯ್ಯಲಿಲ್ಲ. ನಾನೆಂದೂ ಕೇಳಿರದ ಗಜಲೊಂದನ್ನು ಹೇಳಿದರು, ಕೊನೆಯ ದ್ವಿಪದಿಯ ಸಮೇತ. ನಾನು ಪೆನ್ನು ಮುಟ್ಟಲಿಲ್ಲ.

ಕಳೆದ ವರ್ಷ ಅಕ್ಕ ದೂರದ ಇನ್ನೊಂದು ದೇಶಕ್ಕೆ ಹೋದರು. ನನಗೀಗ ಇಪ್ಪತ್ತಮೂರು ಗಜಲುಗಳು ಬಾಯಿಪಾಠ. ಮಾತು ಮೀರಿದವಳನ್ನು ಅದೇ ಸಂಜೆ ಮತ್ತೆ ನಂಬಿದ ಅವರ ಋಣ ನನ್ನ ಮೇಲೆ ಹಾಗೇ ಇದೆ.

ಆ ಸಂಜೆಯ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬೆಂಗಳೂರಿಗೆ ಹೋದೆ. ಅಚ್ಚಿಗೆ ಹೋಗಬೇಕಿದ್ದ ಪುಟ ಪತ್ರಿಕೆಯ ಕಚೇರಿಯ ಮೇಜಿನ ಮೇಲಿತ್ತು. ಕೊನೆಯ ಎರಡು ಸಾಲನ್ನು ಅಕ್ಷರ ಕಾಣದಂತೆ ಹೊಡೆದುಹಾಕಿದೆ.

"ಮತ್ತೆ ಕವಿ ಯಾರು ಅಂತ ಹಾಕೋದಮ್ಮ?" ಸಂಪಾದಕರು ಕೇಳಿದರು.

"ಗೊತ್ತಿಲ್ಲ ಅಂತ ಹಾಕಿ ಸರ್," ಎಂದೆ.