ಮೂವತ್ತೇಳು ಇಂಚಿನ ಸೊಂಟ

ಬೀದಿಯವರೆಲ್ಲ ಇಂಚಪ್ಪ ಎಂದು ಕರೆಯುವ ಈ ಟೈಲರ್‌ಗೆ ವಯಸ್ಸು ನಲವತ್ತೊಂಬತ್ತು, ಬಾಯಿಗೆ ವಯಸ್ಸೇ ಇಲ್ಲ. ಗಿರಾಕಿ ಮೆಟ್ಟಿಲು ಹತ್ತುವ ಮೊದಲೇ "ಬನ್ನಿ ಸಾರ್, ಎರಡಿಂಚು ಏರಿದ್ದೀರಿ" ಎಂದು ಮಾನ ಹರಾಜು ಹಾಕುತ್ತಾನೆ. ತನ್ನ ಸೊಂಟ ಮಾತ್ರ ಐದಾರು ವರ್ಷದಿಂದ ಮೂವತ್ತೇಳೇ ಇಂಚು, ಒಂದೆಳೆ ಆಚೀಚೆ ಆಗಿಲ್ಲ ಎಂದು ಜಂಬ. ಆ ಹೊಟ್ಟೆಯನ್ನು ಕಣ್ಣಾರೆ ಕಂಡವರು ನಗು ತಡೆಯಲಾರದೆ ಕೆಮ್ಮುತ್ತಾರೆ.

ಅಂಥವನು ಜೀವವಿಮೆಗೆ ಒಪ್ಪಿದ್ದು ಹೆಂಡತಿಯ ಕಾಟಕ್ಕೆ. ಆರು ವರ್ಷದ ಹಿಂದೆ ಅವನ ಅಣ್ಣ ಇದೇ ಅಂಗಡಿಯಲ್ಲಿ, ಇದೇ ಮಿಷನ್ ಮುಂದೆ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ. ಬಿಡಿಗಾಸು ಉಳಿಸಿರಲಿಲ್ಲ. ಅಂದಿನಿಂದ ಅತ್ತಿಗೆ ಮೂಲೆಯ ಸ್ಟೂಲಿನ ಮೇಲೆ ಕೂತು ಶರ್ಟುಗಳಿಗೆ ಗುಂಡಿ ಹೊಲಿಯುತ್ತಾಳೆ. "ನಾಳೆ ನಂಗೂ ಒಂದು ಸ್ಟೂಲು ಹಾಕಿಸ್ತೀರಾ?" ಎಂದು ಹೆಂಡತಿ ಕೇಳಿದ ದಿನವೇ ಇಂಚಪ್ಪ ವಿಮೆ ಕಂಪನಿಗೆ ಫೋನ್ ಮಾಡಿದ.

ತಪಾಸಣೆಗೆ ವಿಮೆ ಕಂಪನಿಯ ನರ್ಸ್ ಅಂಗಡಿಗೇ ಬಂದಳು. ಬಿ.ಪಿ. ನೋಡಿದಳು, ರಕ್ತ ತೆಗೆದಳು. ಅವನು ತೂಕದ ಯಂತ್ರ ಹತ್ತಿದಾಗ ಅದನ್ನೊಮ್ಮೆ ತಟ್ಟಿ ನೋಡಿದಳು.

"ಸಿಗರೇಟು?"

"ಛೇ ಛೇ, ಬಟ್ಟೆ ಅಂಗಡೀಲಿ ಬೆಂಕೀನಾ?"

"ಚಹಾ ದಿನಕ್ಕೆಷ್ಟು?"

"ಗಿರಾಕಿ ಬಂದಷ್ಟು."

"ಸಕ್ಕರೆ ಹಾಕ್ಕೊಂಡು?"

"ಅದಿಲ್ದೆ ಚಹಾ ಹೆಂಗಾಗುತ್ತೆ ಸಿಸ್ಟರ್?"

"ವ್ಯಾಯಾಮ?"

"ದಿನಾ ಹತ್ತು ಗಂಟೆ ಪೆಡಲ್ ತುಳೀತೀನಿ!"

"ಎಲ್ಲಿಗೂ ಹೋಗಲ್ವಲ್ಲ," ಎನ್ನುತ್ತ ನರ್ಸ್ ಏನೋ ಬರೆದುಕೊಂಡಳು. ಆಮೇಲೆ ತನ್ನ ಟೇಪು ತೆಗೆದು ಸೊಂಟ ಸುತ್ತಿದಳು. "ಮೂವತ್ತೊಂಬತ್ತೂವರೆ."

ಇಂಚಪ್ಪನಿಗೆ ಮೈಯೆಲ್ಲ ಉರಿಯಿತು. "ಇಪ್ಪತ್ತೈದು ವರ್ಷ ಊರ ಸೊಂಟ ಅಳೆದೋನು ನಾನು! ನಿಮ್ಮ ಟೇಪೇ ಸುಳ್ಳು."

ಕೊರಳಲ್ಲಿದ್ದ ತನ್ನ ಟೇಪನ್ನು ಎಳೆದು, ಕಬ್ಬಿಣದ ಸ್ಕೇಲಿನ ಪಕ್ಕ ಮಲಗಿಸಿದ. ಸ್ಕೇಲು ಹನ್ನೆರಡು ಅಂದಿತು, ಟೇಪು ಹನ್ನೊಂದೂಕಾಲು. ಅಯ್ಯೋ ಶಿವನೇ! ಹಳೇ ಟೇಪು ಜಗ್ಗಿಹೋಗಿತ್ತು. ಮೈಗೂ ಬಟ್ಟೆಗೂ ಅದನ್ನೇ ಹಿಡಿಯುತ್ತಿದ್ದರಿಂದ ಯಾರ ಪ್ಯಾಂಟೂ ಕೆಟ್ಟಿರಲಿಲ್ಲ, ಯಾರಿಗೂ ಗುಮಾನಿ ಬಂದಿರಲಿಲ್ಲ. ಇವನ ಹೊಟ್ಟೆ ಬೆಳೆದ ಹಾಗೆ ಟೇಪೂ ಬೆಳೆದುಕೊಂಡು ಬಂದಿತ್ತು.

"ಬಿ.ಪಿ., ತೂಕ, ಸೊಂಟ ಎಲ್ಲ ಸೇರಿದ್ರೆ ಕಂತು ಕಾಲು ಭಾಗ ಜಾಸ್ತಿ ಆಗಬಹುದು," ಎಂದಳು ನರ್ಸ್. "ಇಳಿಸ್ಕೊಂಡ್ರೆ ಆಮೇಲೆ ಮತ್ತೆ ಪರೀಕ್ಷೆಗೆ ಕೇಳ್ಕೋಬಹುದು."

"ಹೊಟ್ಟೆ ನಂದು, ಊಟ ನಂದು, ದಂಡ ಮಾತ್ರ ನಿಮಗಾ? ಬೇಡವೇ ಬೇಡ. ತಗೊಂಡ್ಹೋಗಿ ನಿಮ್ಮ ಫಾರ್ಮು!"

ಮೂಲೆಯಲ್ಲಿ ಅತ್ತಿಗೆ ಹಲ್ಲಿನಿಂದ ನೂಲು ಕಡಿದಳು. ಆರು ವರ್ಷದಲ್ಲಿ ಅವಳು ಆ ಅಂಗಡಿಯೊಳಗೆ ಗಂಡನ ಮಾತೆತ್ತಿದವಳಲ್ಲ.

"ನಿಮ್ಮಣ್ಣನೂ ಇದನ್ನೇ ಅಂದಿದ್ರು."

"ಏನು ಅತ್ತಿಗೆ?"

"ಆ ಟೇಪು ಅವರದ್ದೇ ತಾನೆ? ಅದರಲ್ಲಿ ಅವರ ಸೊಂಟವೂ ಮೂವತ್ತೇಳೇ ಇತ್ತು. ವಿಮೆಯೋರು ಕಂತು ಜಾಸ್ತಿ ಅಂದಿದ್ದಕ್ಕೆ ಮನೆಗೆ ಬಂದು ಫಾರ್ಮು ಹರಿದು ಒಲೆಗೆ ಹಾಕಿದ್ರು. ಅವರು ವಿಮೆಯೋರನ್ನ ಬೈದಿದ್ದು ಕೇಳಿ ನಾನೂ ನಕ್ಕುಬಿಟ್ಟೆ ಕಣಪ್ಪ. ಹೊಟ್ಟೆ ಹಿಡ್ಕೊಂಡು ನಕ್ಕೆ."

ಇಷ್ಟು ಹೇಳಿ ಅವಳು ಇನ್ನೊಂದು ಶರ್ಟು ಕೈಗೆತ್ತಿಕೊಂಡಳು. ಇಂಚಪ್ಪನಿಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ನರ್ಸ್ ಚೀಲ ಹೆಗಲಿಗೇರಿಸಿ ಮೆಟ್ಟಿಲು ಇಳಿಯುತ್ತಿದ್ದಳು.

"ಸಿಸ್ಟರ್, ಬನ್ನಿ ಇಲ್ಲಿ. ಇನ್ನೊಂದ್ಸಲ ಅಳೀರಿ."

ಎರಡೂ ಕೈ ಎತ್ತಿ ನಿಂತ. ಅವಳು ಬಂದಾಗಿನಿಂದ ಉಸಿರು ಬಿಗಿಹಿಡಿದು ಒಳಗೆಳೆದುಕೊಂಡಿದ್ದ ಹೊಟ್ಟೆಯನ್ನು ಹಾಗೇ ಬಿಟ್ಟುಬಿಟ್ಟ.

"ನಲವತ್ತೆರಡು," ಎಂದಳು ನರ್ಸ್.

"ಬರ್ಕೊಳ್ಳಿ," ಎಂದ ಇಂಚಪ್ಪ.