ಮಹಾದೇವಿ ಫ್ರಿಜ್ ಮುಚ್ಚಿಟ್ಟದ್ದು

ಬಾಗಲಾ ಜರಾ ಮುಂದ ಮಾಡ್ರಿ, ಹತ್ರ ಕುಂದ್ರಿ. ಈ ಮಾತು ನಿಮ್ಮ ಹೊಟ್ಟ್ಯಾಗೇ ಇರ್ಲಿ. ನಾನೂ ನಾಕು ಮಂದಿ ಬಿಟ್ಟು ಯಾರಿಗೂ ಹೇಳಿಲ್ಲ.

ನಮ್ಮ ಶಹಾಬಾದ ಓಣ್ಯಾಗ ಬಾಜೂಮನಿ ಮಹಾದೇವಿ ಫ್ರಿಜ್ ಮೊದಲು ಪಡಸಾಲ್ಯಾಗ ಇತ್ತು. ತಣ್ಣನ್ನ ನೀರಿನ ನೆವ ಮಾಡಿ ನಾ ದಿನಾ ತೆಗದು ನೋಡ್ತಿದ್ದೆ. ಆಕಿ ಮಗಳ ಅತ್ತಿಮನಿಯವರು ಸೇಡಂದಿಂದ ಬಂದಾಗ ಆಕಿ ಮೂರು ದಿನದ ಹೋಳಿಗಿ ಬಿಸಿ ಮಾಡಿ ಬಡಿಸಿದ್ದು ನನಗ ತಿಳದದ್ದು ಹಂಗೇ. ಬೀಗರಿಗೂ ತಿಳೀತು, ಹ್ಯಾಂಗಂತ ಕೇಳಬ್ಯಾಡ್ರಿ. ಆರು ತಿಂಗಳು ಅವರು ಆಕಿ ಮನ್ಯಾಗ ನೀರು ಮುಟ್ಟಲಿಲ್ಲ.

ಈಗ ಅಡಗಿಮನಿ ಹೊಸದು ಮಾಡ್ಸಿ, ಕಪಾಟಿನೊಳಗ ಕುಂದ್ರೋ ಫ್ರಿಜ್ ತರಸ್ಯಾಳ. ಮುಂದ ಕಟಗಿ ಬಾಗಲಾ. ಗ್ವಾಡಿ ತುಂಬ ಎಲ್ಲಾ ಬಾಗಲಾ ಒಂದೇ ನಮೂನಿ, ಫ್ರಿಜ್ ಯಾವ್ದಂತ ಗೊತ್ತಾಗಂಗಿಲ್ಲ.

"ಇಷ್ಟು ತುಟ್ಟಿದು ತಂದು ಮುಚ್ಚಿಡದು ಯಾಕವ್ವ? ಮಂದಿ ನೋಡಬೇಕಲ್ಲ!" ಅಂದೆ.

"ಚಂದ ಕಾಣ್ತದಕ್ಕ" ಅಂತ ನಕ್ಕಳು.

ಆ ನಗಿ ಮ್ಯಾಲೇ ನನಗ ಸಂಶೆ. ಸ್ವಾಮಿಗಳು ಪಾದಪೂಜಿಗಿ ಬರೋ ಮನ್ಯಾಗ ಕೋಳಿ ತತ್ತಿ ಇಟ್ಟಿರಬೇಕು!

ನಿನ್ನೆ ಆಕಿ ಅರಬಿ ಒಣಗ್ಹಾಕಲಿಕ್ಕೆ ಮಾಳಗಿ ಮ್ಯಾಲ ಹೋದಳು. ನಾ ಒಂದೊಂದೇ ಬಾಗಲಾ ತೆಗದೆ. ಮೊದಲಿಂದರಾಗ ಬ್ಯಾಳಿ ಡಬ್ಬಿ, ಎರಡನೇದರಾಗ ಲಗ್ನದ ಭಾಂಡಿ, ಮೂರನೇದರಾಗ ಗಂಡನ ಸಕ್ಕರಿ ಬ್ಯಾನಿ ಗುಳಗಿ. ಇದು ನನಗ ಗೊತ್ತೇ ಇರ್ಲಿಲ್ಲ ನೋಡ್ರಿ! ನಾಕನೇದಕ್ಕ ಕೈ ಹಾಕೂದರಾಗ ಹಿಂದ ಮಹಾದೇವಿ ನಿಂತಿದ್ದಳು.

"ಅಕ್ಕಾ, ನೀ ನೋಡಬಾರ್ದಂತೇ ಇದನ್ನ ತಂದೆ. ಹೊರಗಿದ್ದಾಗ ಫ್ರಿಜ್ ಒಂದೇ ತೆಗೀತಿದ್ದಿ, ಈಗ ಮನೀನೇ ತೆಗೀಲಿಕತ್ತಿ. ತಂಗಿಗಿ ಕೊಟ್ಟ ಹಳೇ ಫ್ರಿಜ್ ನಾಳೆ ವಾಪಸ್ ತಂದು ಪಡಸಾಲ್ಯಾಗ ಇಡ್ತೀನಿ. ಅದನ್ನೇ ತೆಗದು ನೋಡ್ಕೋತ ಕುಂದ್ರು!"